ಹಕ್ಕಿಗೆ ದಾನಿ ಯಾರು?

ಕಮರ್ಷಿಯಲ್ ಸ್ಟ್ರೀಟಿಗೆ ನಾನು ಹೋಗುವುದು ವರ್ಷಕ್ಕೆ ಒಂದೆರಡು ಬಾರಿ, ಅದೂ ಮನೆಯವರ ಬಲವಂತಕ್ಕೆ. ಈಚೆಗೆ ಅಲ್ಲಿನ ಸೀರೆಯಂಗಡಿಯೊಂದರಲ್ಲಿ ಗಂಟೆಗೂ ಮೀರಿ ಕುಳಿತಿದ್ದೆ. ಕುಳಿತವರು ಗಿರಾಕಿಗಳಾದ ನಾವು. ಸೀರೆ ಬಿಚ್ಚಿ ತೋರಿಸುತ್ತಿದ್ದ ಹೆಣ್ಣುಮಗಳು ನಿಂತೇ ಇದ್ದಳು. “ನೀನೂ ಕೂತುಕೊಳ್ಳಮ್ಮ” ಎಂದೆ. ಆಕೆ ಗಲ್ಲಾದ ಕಡೆ ಒಮ್ಮೆ ನೋಡಿ, ನಕ್ಕು, ಇನ್ನೊಂದು ಸೀರೆ ಬಿಚ್ಚಿದಳು. ಗಲ್ಲಾದ ಪಕ್ಕದಲ್ಲಿ ಅನ್ನದಾನದ ಹುಂಡಿಯೊಂದಿತ್ತು.

ಶ್ರೋತೃಗಳೇ, ನಮ್ಮ ದಂಡುಪ್ರದೇಶ ದಾನಕ್ಕೆಂದೂ ಹಿಂಜರಿದದ್ದಲ್ಲ. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಬಡಮಕ್ಕಳಿಗೆ ಶಾಲೆ ತೆರೆದದ್ದು 1873ರಲ್ಲಿ. ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರಿನ ಗೋಷಾ ಆಸ್ಪತ್ರೆ ಪರದೆಯ ಹೆಂಗಸರಿಗೂ ಚಿಕಿತ್ಸೆ ದೊರೆಯಲೆಂದು ಹುಟ್ಟಿದ್ದು. ಇಂದು ಅದು ಸರ್ಕಾರದ ಖರ್ಚಿನಲ್ಲಿ ನಡೆಯುತ್ತಿದೆ. ಇದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ನಿಂತವಳಿಗೊಂದು ಸ್ಟೂಲು ಕೊಡಿಸಲು ಸಂಘ ಕಟ್ಟುವವರಿಗೆ ಹಣ ಕೊಡುವವರು ಯಾರು?

ಇದು ಕಲ್ಪನೆಯ ಮಾತಲ್ಲ. ಕಲ್ಲಿಕೋಟೆಯ ಮಿಠಾಯಿ ಬೀದಿ ಅಲ್ಲಿನ ಕಮರ್ಷಿಯಲ್ ಸ್ಟ್ರೀಟು. ಪಿ. ವಿಜಿ ಎಂಬಾಕೆ ಅಲ್ಲಿನ ಅಂಗಡಿಗಳ ಹೆಣ್ಣಾಳುಗಳನ್ನು ‘ಪೆಣ್‌ಕೂಟ್ಟು’ ಎಂಬ ಸಂಘವಾಗಿ ಕೂಡಿಸಿದರು. ಮೊದಲು ಶೌಚಾಲಯ ಬೇಕೆಂದರು, ಬಳಿಕ ಕೂರಲು ಆಸನ ಬೇಕೆಂದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾನೂನನ್ನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಕೂರುವುದಕ್ಕೂ ಕಾನೂನು ಬೇಕಾಯಿತಲ್ಲ ಎಂದು ನಗುವವರು ದಿನವೆಲ್ಲ ನಿಂತು ನೋಡಬೇಕು.

ಇಂಥ ಕೆಲಸಕ್ಕೆ ಹಣ ಬರುವ ದಾರಿಗಳು ಕೆಲವೇ. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿತು. ಕುಟುಂಬ ಸಲಹಾ ಕೇಂದ್ರಗಳಂಥ ಕೆಲಸಕ್ಕೆ ಸ್ವಯಂಸೇವಾ ಸಂಸ್ಥೆಗಳಿಗೆ ಅದು ಅನುದಾನ ಕೊಡುತ್ತಿತ್ತು. 2022ರಲ್ಲಿ ಮಂಡಳಿಯನ್ನೇ ಮುಚ್ಚುವ ತೀರ್ಮಾನವಾಯಿತು. ಹಿಂದೊಮ್ಮೆ ನಾನೊಂದು ಸಣ್ಣ ಸಂಸ್ಥೆಯ ಸಮಿತಿಯಲ್ಲಿದ್ದೆ. ಒಂದು ವರ್ಷದ ಅನುದಾನ ಮರುವರ್ಷ ಕೈಸೇರುತ್ತಿತ್ತು. ಗಂಡನ ಹೊಡೆತ ತಾಳಲಾರದೆ ಬಂದವರಿಗೆ ಧೈರ್ಯ ಹೇಳುತ್ತಿದ್ದ ನಮ್ಮ ಸಲಹೆಗಾರ್ತಿ ತನ್ನ ಮನೆಬಾಡಿಗೆಗೆ ಸಾಲ ಮಾಡುತ್ತಿದ್ದರು. ಎರಡು ವರ್ಷ ತಡೆದು ಬಿಟ್ಟು ಹೋದರು. ತಪ್ಪು ಅವರದೆಂದು ನಾನು ಹೇಳಲಾರೆ.

ವಿದೇಶದ ಹಣವೋ? ತುರ್ತುಪರಿಸ್ಥಿತಿಯ ಕಾಲದ 1976ರ ಕಾಯಿದೆ, ಅದರ ಜಾಗಕ್ಕೆ ಬಂದ 2010ರ ಕಾಯಿದೆ, ಅದಕ್ಕೆ 2020ರ ತಿದ್ದುಪಡಿ. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ಸಣ್ಣದಕ್ಕೆ ಹಂಚುವುದೂ ನಿಂತಿತು. 2013ರ ಕಾನೂನಿನಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜಕ್ಕೆ ವ್ಯಯಿಸಬೇಕು. ಆ ಪಟ್ಟಿಯಲ್ಲಿ ಲಿಂಗಸಮಾನತೆಯ ಹೆಸರೂ ಉಂಟು. ಆದರೆ ಶಾಲೆಯ ಗೋಡೆಯ ಮೇಲೆ ಕಂಪನಿಯ ಹೆಸರು ಬರೆಯಿಸಬಹುದು, ಕೋರ್ಟಿನ ದಾವೆಯ ಮೇಲೆ ಬರೆಯಿಸಲಾಗದಷ್ಟೆ.

ತನ್ನನ್ನೇ ಪ್ರಶ್ನಿಸುವವರಿಗೆ ಸರ್ಕಾರವೇಕೆ ಹಣ ಕೊಡಬೇಕೆಂದು ಸ್ನೇಹಿತರೊಬ್ಬರು ಕೇಳಿದರು. ಈಗಾಗಲೇ ಕೊಡುತ್ತಿದೆಯಲ್ಲ! 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಯಾವ ಹೆಣ್ಣಿಗಾದರೂ, ಆದಾಯ ನೋಡದೆ, ಉಚಿತ ವಕೀಲರು ದೊರೆಯುತ್ತಾರೆ. ಎದುರಾಳಿ ಸರ್ಕಾರವಾದರೂ ಸರಿಯೆ. ವಕೀಲರ ತನಕ ಆಕೆಯನ್ನು ಕರೆದೊಯ್ಯುವವರಿಗೂ ಅದೇ ನ್ಯಾಯ ಸಲ್ಲಬೇಕೆಂಬುದು ನನ್ನ ವಾದ. ಹಂಚುವ ಮಂಡಳಿ ಮಂತ್ರಿಗಳಿಂದ ದೂರವಿರಲಿ, ಹಣ ಮೂರು ವರ್ಷಕ್ಕೊಮ್ಮೆಯಾದರೂ ನಿಶ್ಚಯವಾಗಲಿ, ಲೆಕ್ಕ ಎಲ್ಲರ ಕಣ್ಣಿಗೂ ಬೀಳಲಿ.

ಅಂದು ಅಂಗಡಿಯಿಂದ ಹೊರಡುವಾಗ ನಾನೂ ಆ ಹುಂಡಿಗೆ ಐವತ್ತು ರೂಪಾಯಿ ಹಾಕಿದೆ. ಆಕೆಗಾಗಿ ಯಾವ ಹುಂಡಿಗೆ ಹಾಕಬೇಕೆಂದು ತಿಳಿಯಲಿಲ್ಲ.