ಖಂಡಿಗೆಯ ಮೀನಿನ ಜಾತ್ರೆ

ನಮ್ಮ ನಾಡಿನಲ್ಲಿ ತೇರಿನ ಜಾತ್ರೆಗಳು ಎಣಿಕೆಗೆ ಮೀರಿದವು. ದನದ ಜಾತ್ರೆಗಳೂ ಉಂಟು. ಆದರೆ ಮೀನು ಹಿಡಿಯುವುದೇ ಮುಖ್ಯವಾದ ಜಾತ್ರೆಯನ್ನು ಕಂಡವರು ವಿರಳ. ಬೇಸಗೆಯಲ್ಲಿ ಭೀಮಾ, ಕಾಗಿಣಾ ನದಿಗಳು ಸೊರಗುವುದನ್ನೇ ನೋಡಿ ಬಲ್ಲ ಕಲಬುರಗಿಯ ಕಡೆಯವರಿಗಂತೂ ಇದೊಂದು ಕೌತುಕ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಸುರತ್ಕಲ್ಲಿಗೆ ಸಮೀಪದ ಚೇಳಾಯರು ಖಂಡಿಗೆಯಲ್ಲಿ, ನಂದಿನೀ ನದಿಯ ದಡದಲ್ಲಿ ಈ ಜಾತ್ರೆ ವರ್ಷಕ್ಕೊಮ್ಮೆ ಮೇ ತಿಂಗಳ ನಡುಭಾಗದಲ್ಲಿ ನಡೆಯುತ್ತದೆ.

ಅಲ್ಲಿಯ ದೈವ ಧರ್ಮರಸು ಉಳ್ಳಾಯ. ಪೂಜೆ ಮುಗಿದ ಬಳಿಕ ದೈವದ ಪ್ರಸಾದವನ್ನು ಹೊಳೆಗೆ ಅರ್ಪಿಸುತ್ತಾರೆ. ಪಟಾಕಿಯ ಸದ್ದು ಕೇಳಿದೊಡನೆ, ಬಲೆ ಬುಟ್ಟಿಗಳನ್ನು ಹಿಡಿದು ದಡದಲ್ಲಿ ಕಾದಿದ್ದ ಜನಸಮೂಹವೆಲ್ಲ ನೀರಿಗಿಳಿಯುತ್ತದೆ. ಸುತ್ತಣ ಗ್ರಾಮಗಳವರು ಜಾತಿಮತಗಳ ಭೇದವಿಲ್ಲದೆ ಕೂಡುತ್ತಾರೆ. ಸಿಕ್ಕಿದ ಮೀನನ್ನು ಪ್ರಸಾದವೆಂದು ಮನೆಗೊಯ್ದು ಅಡುಗೆ ಮಾಡುತ್ತಾರೆ.

ಇದು ಬರಿಯ ವಿನೋದವಲ್ಲ. ಜಾತ್ರೆಗೆ ಮುಂಚಿನ ದಿನಗಳಲ್ಲಿ ಅಲ್ಲಿ ಯಾರೂ ಬಲೆ ಬೀಸಕೂಡದೆಂಬ ಕಟ್ಟು ಇದೆ. ಮೀನು ದೈವದ ಸೊತ್ತು. ಆದುದರಿಂದಲೇ ಅದು ಯಾವನೊಬ್ಬನ ಸೊತ್ತೂ ಅಲ್ಲ. ಒಂದು ದಿನ ಎಲ್ಲರೂ ಹಿಡಿಯಬೇಕಾದರೆ ಉಳಿದ ದಿನಗಳಲ್ಲಿ ಎಲ್ಲರೂ ಕೈ ತಡೆಯಬೇಕು. ಇಂದು ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆಗೆ ಹೋಗಕೂಡದೆಂದು ಸರಕಾರ ವಿಧಿಸಿರುವುದೂ ಇದೇ ವಿವೇಕದಿಂದ. ಒಂದು ಕಡೆ ಕಾನೂನು ಮಾಡುವ ಕೆಲಸವನ್ನು ಇನ್ನೊಂದು ಕಡೆ ಭಕ್ತಿ ಮಾಡುತ್ತದೆ.

ಆದರೆ ಭಕ್ತಿಯ ಕಟ್ಟಿಗೂ ಒಂದು ಮೇರೆಯುಂಟು. ಅದೇ ಜಿಲ್ಲೆಯ ಶಿಶಿಲದಲ್ಲಿ ಕಪಿಲಾ ನದಿಯ ಮೀನುಗಳು ದೇವರ ಮೀನುಗಳೆನಿಸಿವೆ. ಅವನ್ನು ಎಂದೂ ಹಿಡಿಯುವಂತಿಲ್ಲ. 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಬೆರೆಸಿದಾಗ ಅಲ್ಲಿ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗಾಗಿ ಊರವರು ಸ್ಮಾರಕವೊಂದನ್ನು ನಿಲ್ಲಿಸಿದ್ದಾರೆ. ನಂದಿನಿಗೆ ಬಂದಿರುವ ಕೇಡು ಇಷ್ಟು ಹಠಾತ್ತಾದುದಲ್ಲ, ಮೆಲ್ಲನೆ ಹರಿದು ಬರುವಂಥದು. ನಗರದ ಕೊಳಚೆ ನೀರು ಹೊಳೆಯನ್ನು ಸೇರುತ್ತಿದೆಯೆಂದು ದಡದ ಜನ ಇತ್ತೀಚಿನ ವರ್ಷಗಳಲ್ಲಿ ದೂರಿದ್ದಾರೆ, ಪ್ರತಿಭಟಿಸಿದ್ದಾರೆ. ಪ್ರಸಾದವೆಂದು ತಂದ ಮೀನನ್ನು ಮಕ್ಕಳಿಗೆ ಬಡಿಸಲು ತಾಯಿ ಅಳುಕುವಂತಾದರೆ ಜಾತ್ರೆಯಲ್ಲಿ ಉಳಿಯುವುದೇನು?

ಶ್ರೋತೃಗಳೇ, ದೈವದ ಭಯ ಬಲೆ ಬೀಸುವವನ ಕೈಯನ್ನು ತಡೆಯಬಲ್ಲುದು. ಹೊಳೆಯನ್ನೇ ಕಾಣದ ನಗರವಾಸಿಯ ಮೋರಿಯನ್ನು ತಡೆಯಲಾರದು. ಹಳ್ಳಿಯವರು ತಮ್ಮ ಪಾಲಿನ ವ್ರತವನ್ನು ನಡಸಿಕೊಂಡು ಬಂದಿದ್ದಾರೆ. ನಮ್ಮ ಪಾಲಿನ ವ್ರತ ಬಾಕಿ ಇದೆ. ಖೂಬಾ ಪ್ಲಾಟಿನಂತಹ ಬಡಾವಣೆಗಳಲ್ಲಿ ವಾಸಿಸುವ ನಾವು, ನಮ್ಮ ಬಚ್ಚಲಿನ ನೀರು ಕೊನೆಗೆ ಯಾವ ಹೊಳೆಯನ್ನು ಸೇರುತ್ತದೆ, ಅದನ್ನು ಶುದ್ಧಿಮಾಡಿ ಬಿಡುತ್ತಾರೆಯೇ ಎಂದು ವಿಚಾರಿಸುವುದೇ ಆ ವ್ರತದ ಮೊದಲ ಹೆಜ್ಜೆ.