ರೋಗಕ್ಕೆ ಸಾಕ್ಷಿ ಯಾರು ಒದಗಿಸಬೇಕು?

(ನಿಪ್ಪಾಣಿಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಇರಾಕ್, ಅಫ್ಘಾನಿಸ್ತಾನಗಳ ಸೇನಾ ಶಿಬಿರಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆಯನ್ನು ಉಸಿರಾಡಿದ ಅಮೆರಿಕದ ಸೈನಿಕರಿಗೆ ಮುಂದೆ ಕ್ಯಾನ್ಸರ್ ತಗಲಿದಾಗ, ಆ ಹೊಗೆಯೇ ಕಾರಣವೆಂದು ಸಾಬೀತುಪಡಿಸುವ ಹೊಣೆ ಬಹುಕಾಲ ಅವರ ಮೇಲೆಯೇ ಇತ್ತು. 2022ರ ಆಗಸ್ಟ್‌ನಲ್ಲಿ ಬಂದ 'ಪ್ಯಾಕ್ಟ್' ಕಾಯಿದೆ ಆ ಹೊರೆಯನ್ನು ಇಳಿಸಿತು. ಸೇವೆಯ ದಾಖಲೆಯಿದ್ದು, ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದರೆ ಸೇವೆಯೇ ಕಾರಣವೆಂದು ಸರಕಾರ ಭಾವಿಸಬೇಕು. ಅದೇ ಹೊಗೆಯನ್ನು ಉಸಿರಾಡಿದ ಇರಾಕಿನ ಮಕ್ಕಳಿಗೆ ಆ ಕಾಯಿದೆ ಅನ್ವಯಿಸದು, ಆ ಮಾತು ಬೇರೆ. ಆ ಯುದ್ಧಗಳನ್ನು ನಾವು ಒಪ್ಪುವುದಿಲ್ಲ; ಕಾಯಿದೆಯ ಹಿಂದಿರುವ ನ್ಯಾಯವನ್ನು ಒಪ್ಪುತ್ತೇವೆ, ನಮ್ಮ ಊರಿಗೂ ಅದನ್ನೇ ಕೇಳುತ್ತೇವೆ.

ಇಲ್ಲಿಯ ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿದವರು, ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಸುತ್ತಿದವರು ನಮ್ಮ ತಾಯಂದಿರೇ. ತಂಬಾಕಿನಲ್ಲಿರುವ ನೈಟ್ರೊಸಮೈನ್‌ಗಳು ಕ್ಯಾನ್ಸರ್‌ಕಾರಕ; ನಿಕೋಟಿನ್ ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಒಂದು ಬೀಡಿಯನ್ನೂ ಸೇದದವರಿಗೆ ಈ ಪಾಡು! 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕುಳಿತು ಸುತ್ತುವವರನ್ನೂ ನೌಕರರೆಂದೇ ಎಣಿಸಿತು. ಆದರೆ ಗುತ್ತಿಗೆದಾರನ ಪುಸ್ತಕದಲ್ಲಿ ಹೆಸರೇ ಇಲ್ಲದವಳು ಮೂವತ್ತು ವರ್ಷ ದುಡಿದಳೆಂಬುದಕ್ಕೆ ಸಾಕ್ಷಿಯೆಲ್ಲಿದೆ?

ಆದುದರಿಂದ ನಿಮ್ಮ ಮನೆಯ ಹಿರಿಯಳು ಯಾರಿಗಾಗಿ, ಎಷ್ಟು ವರ್ಷ ಸುತ್ತಿದಳೆಂಬುದನ್ನು ಈ ವಾರವೇ ಬರೆದಿಡಿ. ಗುರುತಿನ ಚೀಟಿಯಿದ್ದರೆ ಜೋಪಾನವಾಗಿಡಿ. ವೈದ್ಯರ ಬಳಿ ಹೋದಾಗ ಕೆಮ್ಮಿಗಿಂತ ಮೊದಲು ಆಕೆಯ ಕಸುಬನ್ನು ಹೇಳಿ.