ಮಳಿಗೆಯ ಮುಂದಣ ಹೆಸರು

ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ನೀವೂ ಮನೆಮಂದಿಯೊಡನೆ ಹೋಗಿರಬಹುದು. ದೀಪಗಳ ಸಾಲು, ಹಪ್ಪಳದ ವಾಸನೆ, ಕೈತಪ್ಪಿದ ಮಗುವನ್ನು ಹುಡುಕುವ ಗಲಾಟೆ. ಇವುಗಳ ನಡುವೆ ಎಷ್ಟು ಮಳಿಗೆಗಳ ಹೆಸರು ನಿಮ್ಮ ನೆನಪಿನಲ್ಲಿ ಉಳಿದಿದೆ? ಎರಡೋ ಮೂರೋ. ಮಿಕ್ಕವರೂ ಬಾಡಿಗೆ ತೆತ್ತವರೇ!

ನನ್ನಲ್ಲಿ ಓದಿದ ಹುಡುಗನೊಬ್ಬ ಊದುಬತ್ತಿಯ ಕಸುಬು ಹಿಡಿದಿದ್ದಾನೆ. ಸರಕು ಚೆನ್ನಾಗಿದೆ. ತಾಯಿಯ ಬಳೆಗಳನ್ನು ಒತ್ತೆಯಿಟ್ಟು ಅಲ್ಲಿ ಒಂದು ಮಳಿಗೆ ಹಿಡಿದ. "ಹೆಸರೊಂದು ಬರೆದುಕೊಡಿ, ಮೇಷ್ಟ್ರೇ" ಎಂದು ನನ್ನಲ್ಲಿಗೇ ಬಂದ. ಪಂಡಿತನಾದವನು ಸುಮ್ಮನಿರಲಾದೀತೆ? ಹದಿನಾರು ಅಕ್ಷರಗಳ ಸಮಾಸವೊಂದನ್ನು ಹೊಸೆದುಕೊಟ್ಟೆ. ಸಮಾಸದಲ್ಲಿ ದೋಷವಿರಲಿಲ್ಲ, ನಡೆಯುತ್ತ ಅದನ್ನು ಓದಬಲ್ಲ ಮನುಷ್ಯನೂ ಇರಲಿಲ್ಲ. ಮೂರನೆಯ ದಿನ ಅವನ ಮುಖ ನೋಡಲಾರದೆ, ಹಿಂದೆ ಓದಿದ್ದ ಒಂದು ಸಂಗತಿಯನ್ನು ಹೇಳಿದೆ.

1893ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಜಾಗತಿಕ ಪ್ರದರ್ಶನ ನಡೆಯಿತು. ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಸೇರಿದ್ದು ಆ ಸಂದರ್ಭದಲ್ಲಿಯೇ. ಪಿಟ್ಸ್‌ಬರ್ಗಿನ ಹೆನ್ರಿ ಹೈನ್ಸ್ ಎಂಬ ಉಪ್ಪಿನಕಾಯಿ ವ್ಯಾಪಾರಿಗೆ ಸ್ಥಳ ದೊರೆತದ್ದು ಕೃಷಿಭವನದ ಉಪ್ಪರಿಗೆಯಲ್ಲಿ. ಮೆಟ್ಟಿಲೇರುವ ಶ್ರಮ ಯಾರಿಗೂ ಬೇಡ. ಆತ ಸಣ್ಣ ಚೀಟಿಗಳನ್ನು ಅಚ್ಚು ಹಾಕಿಸಿ ಹಂಚಿಸಿದ: ತಂದು ತೋರಿಸಿದವರಿಗೆ ಕಾಣಿಕೆ ಉಚಿತ! ಕಾಣಿಕೆಯೆಂದರೆ ಹಸಿರು ಸೌತೆಮಿಡಿಯ ಆಕಾರದ ಪುಟ್ಟ ಪದಕ, ಮೇಲೆ ಅವನ ಹೆಸರು. ಜನ ನುಗ್ಗಿದ ರಭಸಕ್ಕೆ ಉಪ್ಪರಿಗೆಯ ನೆಲಕ್ಕೆ ಆಸರೆ ಕೊಡಬೇಕಾಯಿತಂತೆ. ಪದಕ ತೊಟ್ಟವರೆಲ್ಲ ಊರೂರಿಗೆ ಅವನ ಹೆಸರನ್ನು ಹೊತ್ತರು, ಕೂಲಿ ಕೇಳಲಿಲ್ಲ.

ಅಷ್ಟು ದೂರವೇಕೆ? ನಮ್ಮ ಮೈಸೂರು ಸ್ಯಾಂಡಲ್ ಸಾಬೂನನ್ನೇ ನೋಡಿ. ಮೊಟ್ಟೆಯಾಕಾರ, ಆನೆಯ ತಲೆ ಸಿಂಹದ ಒಡಲಿನ ಶರಭದ ಗುರುತು. ಅಕ್ಷರ ಬಾರದ ಅಜ್ಜಿಯೂ ಅಂಗಡಿಯಲ್ಲಿ ಬೆರಳಿಟ್ಟು ತೋರಿಸುತ್ತಾಳೆ.

ಆ ರಾತ್ರಿಯೇ ನನ್ನ ಹಲಗೆಯನ್ನು ಇಳಿಸಿದೆವು. ಎರಡಕ್ಷರದ ಹೆಸರು, ಮೊಳದೆತ್ತರ. ಮುಂದೆ ಜನ ನಿಂತರೂ ಮರೆಯಾಗದಂತೆ ತಲೆಯ ಮೇಲಕ್ಕೆ ಕಟ್ಟಿದೆವು. ಪಕ್ಕದಲ್ಲಿ ಒಂದು ಮಲ್ಲಿಗೆಯ ಮೊಗ್ಗು. ಪೊಟ್ಟಣದ ಮೇಲೂ ಅದೇ ಮೊಗ್ಗು, ಅದೇ ಬಣ್ಣ. ಕೋಟೆಯ ಗೋಡೆಯಂತೆ ಅಡ್ಡವಾಗಿದ್ದ ಮೇಜನ್ನು ಬದಿಗೆ ಸರಿಸಿದೆವು. ಒಳಗೆ ಬಂದವರಿಗೆಲ್ಲ ಮೊಗ್ಗಿನ ಚೀಟಿಯಲ್ಲಿ ಸುತ್ತಿದ ಎರಡು ಬತ್ತಿ. ಕೊಂಡರೂ ಸರಿ, ಕೊಳ್ಳದಿದ್ದರೂ ಸರಿ. ಮನೆಯಲ್ಲಿ ಹಚ್ಚಿದಾಗ ಚೀಟಿ ಕಣ್ಣಿಗೆ ಬೀಳದಿರುತ್ತದೆಯೆ?

ಸಂಕ್ರಾಂತಿಯ ಹೊತ್ತಿಗೆ ಒಂದು ಜೊತೆ ಬಳೆ ಮನೆಗೆ ಬಂತು. ಇನ್ನೊಂದು ಜೊತೆ ಇನ್ನೂ ಬರಬೇಕು. ನನ್ನ ಸಮಾಸದ ಹಲಗೆಯನ್ನು ಆ ತಾಯಿ ಬೋರಲು ಹಾಕಿಕೊಂಡು, ಅದರ ಮೇಲೆ ಬತ್ತಿ ಹೊಸೆಯುತ್ತಿದ್ದಾರೆ.